ಗೇಟಿನ ಮೇಲೆ ಶಿಲುಬೆ, ಪದವಿಯ ಮೇಲೆ ಯಾರ ಮುದ್ರೆ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ. ಓದಿ ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆ ಅವಳದು. ಬೆಂಗಳೂರಿನಲ್ಲಿ ಎರಡು ಕಡೆ ಸೀಟು ಸಿಗುವ ಹಾಗಿದೆ. ಒಂದು ಡೀಮ್ಡ್ ವಿಶ್ವವಿದ್ಯಾಲಯ (ಕೇಂದ್ರ ಸರ್ಕಾರದ ಘೋಷಣೆಯಿಂದ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆ), ಇನ್ನೊಂದು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಎರಡನ್ನೂ ನಡೆಸುವವರು ಕ್ರೈಸ್ತ ಪಾದ್ರಿಗಳೇ. ನಮ್ಮ ಭಾವ ಐದು ಮಾತು ಹೇಳಿ ಹೆದರಿಸಿದ್ದಾರೆ. ಒಂದು, ಡೀಮ್ಡ್ ಪದವಿ ಸರ್ಕಾರದ್ದಲ್ಲ, ನೌಕರಿಗೆ ನಡೆಯುವುದಿಲ್ಲ. ಎರಡು, ಅದರ ಮಾಲೀಕರು ಬಿಷಪ್, ಆಜ್ಞೆ ಬರುವುದು ರೋಮಿನಿಂದ, ನಾವು ಕಟ್ಟುವ ಫೀಸು ಹೋಗುವುದೂ ಅಲ್ಲಿಗೇ. ಮೂರು, ಪ್ರಾರ್ಥನೆ, ಬೈಬಲ್ ತರಗತಿ ಕಡ್ಡಾಯ. ನಾಲ್ಕು, ಮೀಸಲಾತಿ ಇರುವುದಿಲ್ಲ. (ನಾವು 2ಎ.) ಐದು, ಅನ್ಯಾಯವಾದರೆ ದೂರು ಕೊಡಲು ಜಾಗವೇ ಇಲ್ಲ. ಸೀಟಿಗೆ ಒಂದು ವಾರದ ಗಡುವಿದೆ. ಇದರಲ್ಲಿ ಯಾವುದು ನಿಜ?
— ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಭಾವನವರ ಐದು ಮಾತುಗಳಲ್ಲಿ ಮೊದಲನೆಯದು ತಪ್ಪು, ನಾಲ್ಕನೆಯದು ಹೆಚ್ಚುಕಡಿಮೆ ಸರಿ, ಮಿಕ್ಕ ಮೂರು ಅರ್ಧಂಬರ್ಧ. ಜನ ಹೆಚ್ಚು ಹೆದರುವುದು ಮೊದಲನೆಯದಕ್ಕೆ. ನಿಮ್ಮ ಮನೆಯ ಲೆಕ್ಕಾಚಾರಕ್ಕೆ ಪೆಟ್ಟು ಕೊಡಬಹುದಾದದ್ದು ಮಾತ್ರ ನಾಲ್ಕನೆಯದು.

ಸಂಸ್ಥೆ ಯಾರದ್ದು ಎನ್ನುವುದೂ ಪದವಿ ಕೊಡುವ ಅಧಿಕಾರ ಎಲ್ಲಿಂದ ಬಂತು ಎನ್ನುವುದೂ ಬೇರೆ ಬೇರೆ ಸಂಗತಿ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದಾಗ ಇಂಥ ಗೊಂದಲ ಹುಟ್ಟುತ್ತದೆ. ಈ ಗೊಂದಲ ಇಂದಿನದಲ್ಲ, ಇನ್ನೂರು ವರ್ಷ ಹಳೆಯದು.

ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಎಂಬ ಮೂವರು ಬ್ಯಾಪ್ಟಿಸ್ಟ್ ಮಿಷನರಿಗಳು 1818ರಲ್ಲಿ ಕಾಲೇಜು ಕಟ್ಟಿದರು. ಆ ಊರು ಆಗ ಇಂಗ್ಲಿಷರದ್ದಲ್ಲ, ಡೆನ್ಮಾರ್ಕಿನದು. ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ 1827ರಲ್ಲಿ ಆ ಕಾಲೇಜಿಗೆ ಪದವಿ ಕೊಡುವ ಸನ್ನದು ಬರೆದುಕೊಟ್ಟ. ಜಾತಿ, ಬಣ್ಣ, ದೇಶದ ಕಾರಣಕ್ಕೆ ಯಾರಿಗೂ ಪ್ರವೇಶ ತಡೆಯಬಾರದೆಂದು ಕಾಲೇಜಿನ ನಿಯಮಗಳಲ್ಲೇ ಬರೆಯಲಾಗಿತ್ತು. 1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿದಾಗಲೂ ಒಪ್ಪಂದದಲ್ಲಿ ಈ ಹಕ್ಕನ್ನು ಉಳಿಸಿಕೊಂಡರು. 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೆ ಪ್ರತ್ಯೇಕ ಕಾಯ್ದೆಯ ಬಲ ಕೊಟ್ಟಿತು. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ದೈವಶಾಸ್ತ್ರದ ಕಾಲೇಜುಗಳು ಇಂದಿಗೂ ಸೆರಾಂಪುರದ ಸೆನೆಟ್ಟಿಗೆ ಸೇರಿವೆ.

ಆದರೆ ಅದೇ ಸೆರಾಂಪುರ ಕಾಲೇಜಿನಲ್ಲಿ ಬಿ.ಎ., ಬಿ.ಎಸ್ಸಿ. ಓದುವವರಿಗೆ ಪದವಿ ಕೊಡುವುದು ಕಲ್ಕತ್ತಾ ವಿಶ್ವವಿದ್ಯಾಲಯ. ಒಂದೇ ಆವರಣ, ಅದೇ ಆಡಳಿತ, ಪದವಿಯ ಕಾಗದಕ್ಕೆ ಮಾತ್ರ ಎರಡು ಮೂಲ. ಚರ್ಚಿನ ಕಾಲೇಜು ಅಂದರೆ ಚರ್ಚಿನ ಪದವಿ ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದ ಮೇಲೆ ಮಿಷನ್ ಕಾಲೇಜುಗಳೆಲ್ಲ ಅವುಗಳ ಸಂಯೋಜನೆಗೆ ಒಳಪಟ್ಟವು. ಪಠ್ಯ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ್ದು. ಕಟ್ಟಡ, ಮೇಷ್ಟ್ರು, ಶಿಸ್ತು ಮಿಷನ್ನಿನದು. ಈ ಏರ್ಪಾಟು ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಅನ್ನೇ ನೋಡಿ: 1882ರಲ್ಲಿ ಫ್ರೆಂಚ್ ಮಿಷನರಿಗಳು ತೆರೆದರು, 1937ರಲ್ಲಿ ಜೆಸ್ವಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆಯ ಕೈಗೆ ಬಂತು, ಪದವಿಯ ಮುದ್ರೆ ಮದ್ರಾಸಿನಿಂದ ಮೈಸೂರಿಗೆ, ಆಮೇಲೆ ಬೆಂಗಳೂರಿಗೆ ಬದಲಾಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್ 1880ರದ್ದು, ಅದೂ ಜೆಸ್ವಿಟರದು. ಬೆಂಗಳೂರಿನ ಕ್ರೈಸ್ಟ್ ಕಾಲೇಜು 1969ರದ್ದು, ಕೇರಳದಲ್ಲಿ 1831ರಲ್ಲಿ ಹುಟ್ಟಿದ ಸಿಎಂಐ ಎಂಬ ಧಾರ್ಮಿಕ ಸಭೆಯದು.

ಪರೀಕ್ಷೆ ತಡ, ಫಲಿತಾಂಶ ತಡ, ಪಠ್ಯ ಬದಲಿಸಲು ಹತ್ತು ಸಮಿತಿ. ಸಂಯೋಜಿತ ಕಾಲೇಜುಗಳ ಈ ಗೋಳು ಹೆಚ್ಚಿದಂತೆ ಮೊದಲು ಸ್ವಾಯತ್ತತೆ (ಪಠ್ಯ, ಪರೀಕ್ಷೆ ಕಾಲೇಜಿನದು, ಪದವಿ ಮಾತ್ರ ವಿಶ್ವವಿದ್ಯಾಲಯದ್ದು) ಬಂತು. ಮದ್ರಾಸಿನ ಲೊಯೋಲಾ ಮತ್ತು ಕ್ರಿಶ್ಚಿಯನ್ ಕಾಲೇಜುಗಳು 1978ರಲ್ಲೇ ಸ್ವಾಯತ್ತವಾದವು. ಅಲ್ಲಿಂದ ವಿಶ್ವವಿದ್ಯಾಲಯವಾಗುವ ಹೆಜ್ಜೆಗೆ ಕರ್ನಾಟಕದಲ್ಲಿ ಎರಡು ಬಾಗಿಲು ತೆರೆದವು. ಕ್ರೈಸ್ಟ್ 2008ರಲ್ಲಿ, ಅಲೋಶಿಯಸ್ 2024ರಲ್ಲಿ ಡೀಮ್ಡ್ ಬಾಗಿಲಿನಿಂದ ಹೋದವು. ಸೇಂಟ್ ಜೋಸೆಫ್ಸ್ ರಾಜ್ಯ ಶಾಸನಸಭೆಯ 2021ರ ಕಾಯ್ದೆಯ ಬಾಗಿಲಿನಿಂದ ಹೋಯಿತು. ಒಂದೇ ಜೆಸ್ವಿಟ್ ಸಭೆಯ ಎರಡು ಸಂಸ್ಥೆಗಳು ಎರಡು ಬಾಗಿಲು ಹಿಡಿದಿವೆ ಎನ್ನುವುದನ್ನು ಗಮನಿಸಿ. ಬಾಗಿಲು ಯಾವುದೆಂದು ಪಂಥ ನೋಡಿ ಹೇಳಲಾಗದು, ಕಾಗದ ನೋಡಿಯೇ ಹೇಳಬೇಕು.

ಪದವಿ ನಡೆಯುತ್ತದೆಯೇ?

ನಮ್ಮ ದೇಶದಲ್ಲಿ ಯಾರು ಪದವಿ ಕೊಡಬಹುದೆಂಬುದನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ, 1956ರ 22ನೇ ಕಲಂ ಹೇಳುತ್ತದೆ. ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, 3ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಘೋಷಿಸಿದ ಡೀಮ್ಡ್ ಸಂಸ್ಥೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಈ ಮೂರೇ. ಡೀಮ್ಡ್ ಪದವಿಗೆ ಕಾನೂನಿನಲ್ಲಿ ಕಡಿಮೆ ಬೆಲೆ ಎಂಬುದು ಇಲ್ಲ. ಮೈಸೂರಿನ ಜೆಎಸ್‌ಎಸ್ ಕೂಡ 2008ರಲ್ಲಿ ಇದೇ 3ನೇ ಕಲಮಿನಿಂದ ಡೀಮ್ಡ್ ಆಯಿತು. ಮಠದ್ದಾಗಲಿ ಚರ್ಚಿನದಾಗಲಿ, ಬಾಗಿಲು ಅದೇ.

ಹಾಗಾದರೆ ಭಯ ಹುಟ್ಟಿದ್ದು ಎಲ್ಲಿಂದ? ಒಂದು ನಿಜವಾದ ಪ್ರಕರಣದಿಂದ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ನಾಲ್ಕು ಡೀಮ್ಡ್ ಸಂಸ್ಥೆಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಮೇಲೆ ಕೈಯಿಟ್ಟಿತು. ಅವುಗಳಲ್ಲಿ ಒಂದು ಕ್ರೈಸ್ತ ಮೂಲದ ಅಲಹಾಬಾದ್ ಕೃಷಿ ಸಂಸ್ಥೆ. ಅದೇ ತೀರ್ಪಿನ ಬಳಿಕ ಡೀಮ್ಡ್ ಸಂಸ್ಥೆಗಳು ಹೆಸರಿನಲ್ಲಿ ಬರೀ 'ವಿಶ್ವವಿದ್ಯಾಲಯ' ಎಂದು ಹಾಕಿಕೊಳ್ಳಬಾರದೆಂದು ಯುಜಿಸಿ ಸೂಚಿಸಿತು. ಈಗ ನೀವು ಫಲಕಗಳಲ್ಲಿ ಕಾಣುವ ಉದ್ದನೆಯ 'ಡೀಮ್ಡ್ ಟು ಬಿ ಯೂನಿವರ್ಸಿಟಿ' ಬಂದದ್ದು ಹಾಗೆ. ಹೆಸರು ಬದಲಾದದ್ದನ್ನು ಕಂಡ ಜನ 'ಮಾನ್ಯತೆ ಹೋಯಿತು' ಎಂದುಕೊಂಡರು. ಮಾನ್ಯತೆ ಹೋಗಿರಲಿಲ್ಲ. ಹೋದದ್ದು ಅನುಮತಿ ಇಲ್ಲದ ಕೋರ್ಸುಗಳ ಪದವಿ.

ನೀವು ನೋಡಬೇಕಾದ್ದು ಈ ಅನುಮತಿಯನ್ನೇ. ಕಾನೂನು ಪದವಿಗೆ ಯುಜಿಸಿ ಸಾಲದು, ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆಯೂ ಬೇಕು. ಅದು ಇಲ್ಲದಿದ್ದರೆ ಮಗಳು ಎಲ್‌ಎಲ್‌.ಬಿ. ಪಾಸಾದರೂ ವಕೀಲೆಯಾಗಿ ನೋಂದಾಯಿಸಿಕೊಳ್ಳಲಾಗದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆಯನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಕಡ್ಡಾಯ ಮಾಡಿದ ಮೇಲಂತೂ ನೋಂದಣಿ ಇಲ್ಲದೆ ಆ ದಾರಿಯೇ ಮುಚ್ಚಿದಂತೆ. ಈ ಅನುಮೋದನೆ ಒಮ್ಮೆ ಕೊಟ್ಟರೆ ಶಾಶ್ವತ ಎಂದು ಭಾವಿಸಬೇಡಿ. ಇಂತಿಷ್ಟು ವರ್ಷಕ್ಕೆಂದು ಕೊಟ್ಟು ಮತ್ತೆ ವಿಸ್ತರಿಸುತ್ತಾರೆ. ಪ್ರವೇಶ ಕಚೇರಿಯವರು ತೋರಿಸುವ ಪತ್ರದಲ್ಲಿ ನಿಮ್ಮ ಮಗಳು ಸೇರುವ ಶೈಕ್ಷಣಿಕ ವರ್ಷ ಇದೆಯೇ, ಆವರಣದ ವಿಳಾಸ ಅದೇ ಇದೆಯೇ, 'ಬಿ.ಎ., ಎಲ್‌ಎಲ್‌.ಬಿ.' ಎಂದೇ ಬರೆದಿದೆಯೇ ನೋಡಿ. ಬಿಬಿಎ ಜೊತೆಗಿನ ಎಲ್‌ಎಲ್‌.ಬಿ.ಯ ಪತ್ರ ತೋರಿಸಿ ಸಾಗಹಾಕುವುದುಂಟು. ದೊಡ್ಡ ಸಂಸ್ಥೆಗಳು ಎರಡನೇ, ಮೂರನೇ ಆವರಣ ತೆರೆದಾಗ ಎಡವಟ್ಟಾಗುವುದು ಇಂಥಲ್ಲೇ: ಮುಖ್ಯ ಆವರಣಕ್ಕೆ ಅನುಮತಿ ಇರುತ್ತದೆ, ಹೊಸ ಆವರಣದ ಕೋರ್ಸಿಗೆ ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಮಾತು, ನಿಮಗಲ್ಲದಿದ್ದರೂ ಬೇರೆಯವರಿಗೆ ಬೇಕಾದೀತು. ಕ್ಯಾಥೊಲಿಕ್ ಚರ್ಚಿನಲ್ಲಿ ರೋಮಿನ ಅಧಿಕಾರದಿಂದಲೇ ಪದವಿ ಕೊಡುವ ಸಂಸ್ಥೆಗಳೂ ಇವೆ. ಅವನ್ನು ಪೊಂಟಿಫಿಕಲ್ ಎನ್ನುತ್ತಾರೆ. ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರ ಆ ಬಗೆಯದು. ಅಲ್ಲಿನ ದೈವಶಾಸ್ತ್ರದ ಪದವಿ ಚರ್ಚಿನ ಒಳಗೆ ಪೂರ್ಣ ಮಾನ್ಯ, ಸರ್ಕಾರಿ ನೌಕರಿಗೆ ಸಮಾನತೆಯ ಪ್ರಶ್ನೆ ಬೇರೆ. ನಿಮ್ಮ ಭಾವನವರು ಇದನ್ನೂ ಡೀಮ್ಡ್ ಪದವಿಯನ್ನೂ ಬೆರೆಸಿದಂತೆ ಕಾಣುತ್ತದೆ.

ಮಾಲೀಕರು ಯಾರು, ನಡೆಸುವವರು ಯಾರು?

ಬಿಷಪ್ ಮಾಲೀಕರು ಎಂಬುದು ಹೆಚ್ಚಿನ ಕಡೆ ತಪ್ಪು. ಕ್ಯಾಥೊಲಿಕ್ ಚರ್ಚಿನಲ್ಲಿ ಎರಡು ಬಗೆಯ ಆಡಳಿತ ಅಕ್ಕಪಕ್ಕ ನಡೆಯುತ್ತದೆ. ಒಂದು ಧರ್ಮಪ್ರಾಂತ್ಯ, ಅದರ ಮುಖ್ಯಸ್ಥರು ಬಿಷಪ್. ಇನ್ನೊಂದು ಜೆಸ್ವಿಟ್, ಸಿಎಂಐ ಥರದ ಧಾರ್ಮಿಕ ಸಭೆಗಳು. ಇವಕ್ಕೆ ತಮ್ಮದೇ ಪ್ರಾಂತ, ಪ್ರಾಂತಾಧಿಕಾರಿ, ಆಸ್ತಿ. ಮೇಲೆ ಹೇಳಿದ ಕ್ರೈಸ್ಟ್, ಅಲೋಶಿಯಸ್, ಸೇಂಟ್ ಜೋಸೆಫ್ಸ್ ಮೂರೂ ಸಭೆಗಳವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮೂರನೇ ಬಗೆಯದು, ಅಖಿಲ ಭಾರತ ಬಿಷಪ್ಪರ ಸಮ್ಮೇಳನದ ಸೊಸೈಟಿಯದ್ದು. ಪ್ರಾಟೆಸ್ಟಂಟ್ ಸಂಸ್ಥೆಗಳಲ್ಲಿ ಲೆಕ್ಕವೇ ಬೇರೆ. 1947ರಲ್ಲಿ ಹುಟ್ಟಿದ ಸಿಎಸ್‌ಐನ (ಚರ್ಚ್ ಆಫ್ ಸೌತ್ ಇಂಡಿಯಾ) ಬಹುಪಾಲು ಆಸ್ತಿ ಒಂದು ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಲ್ಲಿದ್ದರೆ, ಕಾಲೇಜುಗಳ ಆಡಳಿತ ಮಂಡಳಿಗೆ ಡಯಾಸಿಸ್ಸಿನ (ಧರ್ಮಪ್ರಾಂತ್ಯದ) ಚುನಾವಣೆಯ ಗಾಳಿ ಬಡಿಯುತ್ತದೆ. ಅಲ್ಲಿ ಬಣ ಜಗಳ ಕೋರ್ಟಿಗೆ ಹೋಗಿ ಆಡಳಿತಾಧಿಕಾರಿ ಬಂದು ಕೂರುವ ಅಪಾಯ ಹೆಚ್ಚು. ಕ್ಯಾಥೊಲಿಕ್ ಧಾರ್ಮಿಕ ಸಭೆಗಳ ಸಂಸ್ಥೆಯಲ್ಲಿ ಆ ಅಪಾಯ ಕಡಿಮೆ, ಬದಲಿಗೆ ಇನ್ನೊಂದಿದೆ: ಎಲ್ಲ ಪಾದ್ರಿಗಳೂ ವಿಧೇಯತೆಯ ವ್ರತಕ್ಕೆ ಕಟ್ಟುಬಿದ್ದವರು. ಮೇಲಿನಿಂದ ವರ್ಗಾವಣೆ ಬಂದರೆ ಹೊರಡಬೇಕು. ನಿಮಗೆ ಮಾತು ಕೊಟ್ಟ ನಿರ್ದೇಶಕರು ಮುಂದಿನ ಜೂನ್‌ನಲ್ಲಿ ಬೇರೆ ರಾಜ್ಯದಲ್ಲಿರಬಹುದು. ಬಾಯಿಮಾತಿನ ರಿಯಾಯಿತಿಯನ್ನು ನಂಬಬಾರದು ಅನ್ನುವುದು ಅದಕ್ಕೇ.

ಚರ್ಚಿನ ಸ್ವಂತ ಕಾನೂನು ಏನು ಹೇಳುತ್ತದೆ? 1983ರ ಕ್ಯಾನನ್ ಸಂಹಿತೆಯ 808ನೇ ನಿಯಮದಂತೆ, ಚರ್ಚ್ ಅಧಿಕಾರಿಯ ಒಪ್ಪಿಗೆಯಿಲ್ಲದೆ ಯಾವ ಸಂಸ್ಥೆಯೂ ತನ್ನನ್ನು 'ಕ್ಯಾಥೊಲಿಕ್ ವಿಶ್ವವಿದ್ಯಾಲಯ' ಎಂದು ಕರೆದುಕೊಳ್ಳುವಂತಿಲ್ಲ. 812ನೇ ನಿಯಮದಂತೆ, ದೈವಶಾಸ್ತ್ರ ಕಲಿಸುವವರು ಚರ್ಚ್ ಅಧಿಕಾರಿಯ ಮಂಡಾಟು (ಕಲಿಸಲು ಅಪ್ಪಣೆ) ಪಡೆಯಬೇಕು. 1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಶಾಸನಪತ್ರವು ಇಂಥ ಸಂಸ್ಥೆಗಳ ಕ್ಯಾಥೊಲಿಕ್ ಗುಣ ಕಾಪಾಡುವ ವಿಚಾರವನ್ನು ಇನ್ನಷ್ಟು ವಿವರಿಸಿತು. ಇವೆಲ್ಲ ಗುರುತು, ಬೋಧನೆಗೆ ಸಂಬಂಧಿಸಿದವು. ಸಂವಿಧಾನದ ಕಾನೂನು ಕಲಿಸುವ ಪ್ರಾಧ್ಯಾಪಕರಿಗೆ ಯಾವ ಮಂಡಾಟೂ ಬೇಡ.

ದಿನನಿತ್ಯದ ಆಡಳಿತ ಯುಜಿಸಿಯ ಚೌಕಟ್ಟಿನಲ್ಲಿದೆ. ಈಗ ಜಾರಿಯಲ್ಲಿರುವುದು ಡೀಮ್ಡ್ ಸಂಸ್ಥೆಗಳ 2023ರ ನಿಯಮಾವಳಿ. ಸಂಸ್ಥೆಯ ಹಿಂದೆ ಲಾಭಕ್ಕಲ್ಲದ ಪ್ರಾಯೋಜಕ ಸೊಸೈಟಿ ಅಥವಾ ಟ್ರಸ್ಟ್ ಇರಬೇಕು. ಕುಲಾಧಿಪತಿಯನ್ನು ಆ ಪ್ರಾಯೋಜಕರೇ ನೇಮಿಸುತ್ತಾರೆ. ಸರ್ಕಾರಿ ವಿ.ವಿ.ಗಳಲ್ಲಿ ರಾಜ್ಯಪಾಲರು ಕೂರುವ ಕುರ್ಚಿ ಇದು, ಇಲ್ಲಿ ಅದರಲ್ಲಿ ಪಾದ್ರಿಗಳು ಕೂರುತ್ತಾರೆ, ಅಷ್ಟೇ ವ್ಯತ್ಯಾಸ. ಕುಲಪತಿಗೆ ಯುಜಿಸಿ ಹೇಳಿದ ಅರ್ಹತೆ ಇರಲೇಬೇಕು. ಅವರ ಜೊತೆಗೆ ಕಾರ್ಯಕಾರಿ ಮಂಡಳಿ, ಶೈಕ್ಷಣಿಕ ಮಂಡಳಿ, ಹಣಕಾಸು ಸಮಿತಿ, ವಿಷಯವಾರು ಅಧ್ಯಯನ ಮಂಡಳಿಗಳು. ಪಠ್ಯ, ಹಾಜರಾತಿ, ಮೌಲ್ಯಮಾಪನ ಈ ಮಂಡಳಿಗಳಲ್ಲೇ ತೀರ್ಮಾನವಾಗುತ್ತದೆ. ಹೊಸ ಕಟ್ಟಡ, ಹೊಸ ಆವರಣ, ದೊಡ್ಡ ಹುದ್ದೆಗಳು ಮಾತ್ರ ಕಾಗದದಲ್ಲಿ ಮಂಡಳಿಯ ತೀರ್ಮಾನವಾದರೂ ನಿಜದಲ್ಲಿ ಸಭೆಯ ಮನೆಯಲ್ಲಿ ಮೊದಲೇ ಇತ್ಯರ್ಥವಾಗಿರುತ್ತವೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಪ್ರಾಯೋಜಕರಿರುವ ಯಾವ ಖಾಸಗಿ ವಿ.ವಿ.ಯೂ ಹೀಗೇ.

ಹಣ ರೋಮಿಗೆ ಹೋಗುತ್ತದೆಯೇ? ಆದಾಯ ತೆರಿಗೆ ವಿನಾಯಿತಿ ಬೇಕೆಂದರೆ ವರ್ಷದ ವರಮಾನದ ಶೇ 85ರಷ್ಟನ್ನು ಧರ್ಮಾರ್ಥ ಉದ್ದೇಶಕ್ಕೆ, ಅದೂ ಸಾಮಾನ್ಯವಾಗಿ ಭಾರತದೊಳಗೇ, ಖರ್ಚು ಮಾಡಬೇಕು ಅಥವಾ ನಿಯಮದಂತೆ ತೆಗೆದಿಡಬೇಕು. ಬೆಂಗಳೂರಿನ ಫೀಸು ಹೊರದೇಶಕ್ಕೆ ಹರಿದರೆ ವಿನಾಯಿತಿಯೇ ಕೈಬಿಡುತ್ತದೆ. ಆದರೆ ಅದೇ ಸೊಸೈಟಿಯ ಹಳ್ಳಿ ಶಾಲೆಗೋ ಆಸ್ಪತ್ರೆಗೋ ಹೋಗಬಹುದು, ಅದು ಸೊಸೈಟಿಯ ಉದ್ದೇಶದೊಳಗಿದ್ದರೆ ಕಾನೂನುಬದ್ಧ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ (ಮಣಿಪಾಲದ ಕೊಂಕಣಿ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯ ಕೇಸು ಅದು) 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದ್ದು ಇಷ್ಟೇ: ಬೆಳವಣಿಗೆಗೆ ಬೇಕಾದ ಮಿತವಾದ ಉಳಿತಾಯ ಸರಿ, ಲಾಭಕೋರತನ ಮತ್ತು ಕ್ಯಾಪಿಟೇಶನ್ (ಸೀಟಿಗಾಗಿ ಫೀಸಿನ ಮೇಲೆ ಕೀಳುವ ಹಣ) ತಪ್ಪು. ರಸೀದಿಯಿಲ್ಲದೆ 'ಕಟ್ಟಡ ನಿಧಿ' ಕೇಳಿದರೆ ಕರ್ನಾಟಕದಲ್ಲಿ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಅನ್ವಯಿಸುತ್ತದೆ, ಕೇಳಿದವರು ಪಾದ್ರಿಗಳಾದರೂ ಸರಿಯೇ.

ಪ್ರಾರ್ಥನೆಯ ಮಾತು

ಸಂವಿಧಾನದ 28(3)ನೇ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಬೇಕು. ನಿಮ್ಮ ಮಗಳಿಗೆ 18 ತುಂಬಿದ ದಿನದಿಂದ ಬೇಕಾದ್ದು ಅವಳ ಒಪ್ಪಿಗೆ, ನಿಮ್ಮದಲ್ಲ. ಇದನ್ನು ಹಲವು ತಂದೆತಾಯಿ ಮರೆಯುತ್ತಾರೆ. ಪ್ರವೇಶ ಅರ್ಜಿಯ ಕೊನೆಯ ಪುಟದಲ್ಲಿ 'ಸಂಸ್ಥೆಯ ಎಲ್ಲ ಕಾರ್ಯಕ್ರಮಗಳಲ್ಲಿ ಭಾಗವಹಿಸಲು ಒಪ್ಪುತ್ತೇನೆ' ಎಂಬ ಸಾಲಿರುತ್ತದೆ. ಅಲ್ಲಿ ಸಹಿ ಮಾಡುವ ಮುನ್ನ ಅದರಲ್ಲಿ ಆರಾಧನೆ ಸೇರಿದೆಯೇ ಎಂದು ಕೇಳಿ.

ನೀವು ಬೇಡವೆನ್ನಲಾಗದ್ದೂ ಒಂದಿದೆ. ಮೌಲ್ಯ ಶಿಕ್ಷಣ, ನೀತಿ, ಧರ್ಮಗಳ ತುಲನಾತ್ಮಕ ಅಧ್ಯಯನ ಇವು ಕ್ರೆಡಿಟ್ ಇರುವ ಪತ್ರಿಕೆಗಳಾಗಿದ್ದರೆ ಓದಲೇಬೇಕು. ಗುರುನಾನಕರ ಬದುಕು ಮತ್ತು ಬೋಧನೆಯ ಅಧ್ಯಯನ ಧಾರ್ಮಿಕ ಬೋಧನೆ ಆಗುವುದಿಲ್ಲವೆಂದು ಡಿಎವಿ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಧರ್ಮದ ಬಗ್ಗೆ ಓದುವುದು ಬೇರೆ, ಧರ್ಮವನ್ನು ಒಪ್ಪಿಸುವುದು ಬೇರೆ. ಬೆಳಗಿನ ಎರಡು ನಿಮಿಷದ ಪ್ರಾರ್ಥನೆಗೆ ಎದ್ದು ನಿಲ್ಲುವ ಸಭ್ಯತೆಯನ್ನು ಹೆಚ್ಚಿನ ಕಡೆ ನಿರೀಕ್ಷಿಸುತ್ತಾರೆ. ಅದನ್ನು ಕೋರ್ಟಿನ ಮೆಟ್ಟಿಲವರೆಗೆ ಒಯ್ಯಬೇಕೇ ಎಂಬುದು ನಿಮ್ಮ ಮಗಳಿಗೆ ಬಿಟ್ಟದ್ದು.

ಮೀಸಲಾತಿ: ಇಲ್ಲಿ ಭಾವನವರೇ ಸರಿ

30(1)ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠ 1974ರಲ್ಲಿ ಈ ಹಕ್ಕನ್ನು ಗಟ್ಟಿಗೊಳಿಸಿತು. ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂಬ ಹಳೆಯ ಮಾತೂ ಅದರ ಜೊತೆಗೇ ಉಳಿಯಿತು. 2005ರ ಇನಾಮದಾರ್ ತೀರ್ಪು, ಅನುದಾನವಿಲ್ಲದ ಖಾಸಗಿ ಸಂಸ್ಥೆಗಳ ಮೇಲೆ ಸರ್ಕಾರ ಸೀಟು ಹಂಚಿಕೆ ಹೇರುವಂತಿಲ್ಲವೆಂದಿತು. ಅದಕ್ಕೆ ಉತ್ತರವಾಗಿ ಸಂಸತ್ತು 93ನೇ ತಿದ್ದುಪಡಿಯಿಂದ 15(5)ನೇ ವಿಧಿ ಸೇರಿಸಿ ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿಗೆ ದಾರಿ ಮಾಡಿತು, ಆದರೆ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿತು. ಅನುದಾನ ಇರಲಿ, ಇಲ್ಲದಿರಲಿ, ಅವು ಹೊರಗೆ.

ಅಂದರೆ ಆ ಡೀಮ್ಡ್ ಸಂಸ್ಥೆಯ ಸೀಟಿಗೆ ನಿಮ್ಮ 2ಎ ಪ್ರಮಾಣಪತ್ರವನ್ನು ಹಕ್ಕಾಗಿ ಮುಂದಿಡಲಾಗದು. ಸ್ವಂತ ಇಚ್ಛೆಯಿಂದ ಹಿಂದುಳಿದವರಿಗೆ, ದಲಿತರಿಗೆ ಸೀಟು ಅಥವಾ ಫೀಸು ರಿಯಾಯಿತಿ ಇಡುವ ಸಂಸ್ಥೆಗಳಿವೆ. ಇದೆಯೇ ಎಂದು ಪ್ರಾಸ್ಪೆಕ್ಟಸ್ಸಿನಲ್ಲಿ ನೋಡಿ, ಬರೆದಿಲ್ಲದ್ದು ಇಲ್ಲವೆಂದೇ ತಿಳಿಯಿರಿ. 'ಕ್ರೈಸ್ತರಿಗೆ ಮಾತ್ರ ಸೀಟು' ಎಂಬುದೂ ನಿಜವಲ್ಲ. ತಮ್ಮವರಿಗೆ ಆದ್ಯತೆ ಕೊಡಬಹುದು, ಅಷ್ಟೇ.

ಅಲ್ಪಸಂಖ್ಯಾತ ಸ್ಥಾನ ಡೀಮ್ಡ್ ಸ್ಥಾನದ ಜೊತೆ ತಾನಾಗಿ ಬರುವುದಿಲ್ಲ. ಅದರ ಪ್ರಮಾಣಪತ್ರ ಬೇರೆ, ಸಾಮಾನ್ಯವಾಗಿ 2004ರ ಕಾಯ್ದೆಯಡಿಯ ರಾಷ್ಟ್ರೀಯ ಆಯೋಗದಿಂದ ಬರುವಂಥದು. ಕಾಯ್ದೆಯಿಂದ ಹುಟ್ಟಿದ ವಿ.ವಿ.ಗೆ ಅಲ್ಪಸಂಖ್ಯಾತ ಗುಣ ಇರಲಾರದು ಎಂಬ 1967ರ ಅಜೀಜ್ ಬಾಷಾ ತೀರ್ಪಿನ ನಿಲುವನ್ನು 2024ರ ನವೆಂಬರ್ 8ರಂದು 7 ನ್ಯಾಯಮೂರ್ತಿಗಳ ಪೀಠ 4:3 ಬಹುಮತದಿಂದ ತಳ್ಳಿಹಾಕಿದೆ. ಕಲ್ಪನೆ ಯಾರದು, ಯಾರ ಹಿತಕ್ಕೆ, ಹಣ ಎಲ್ಲಿಂದ, ಆಡಳಿತ ಹೇಗೆ ಎಂದು ನೋಡಿ ತೀರ್ಮಾನಿಸಬೇಕು ಎಂದಿದೆ. ಹೀಗಾಗಿ ರಾಜ್ಯ ಕಾಯ್ದೆಯ ಚರ್ಚ್ ವಿ.ವಿ.ಗಳ ವಾದಕ್ಕೂ ಈಗ ಬಲ ಬಂದಿದೆ.

ಫೀಸಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೋ ಶುಲ್ಕ ವಿನಾಯಿತಿಯನ್ನೋ ನೀವು ಲೆಕ್ಕಕ್ಕೆ ಹಿಡಿದಿದ್ದರೆ ಹಣ ಕಟ್ಟುವ ಮೊದಲೇ ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ, ಸಂಸ್ಥೆಯ ಹೆಸರು, ಕೋರ್ಸು, ಸೀಟಿನ ಬಗೆ ಮೂರನ್ನೂ ಹೇಳಿ ವಿಚಾರಿಸಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನಲ್ಲಿ ಕಾಲೇಜಿನ ಹೆಸರು ಕಾಣುತ್ತದೆ ಎಂದ ಮಾತ್ರಕ್ಕೆ ನಿಮ್ಮ ಸೀಟಿಗೆ ಹಣ ಬರುತ್ತದೆ ಎಂದಲ್ಲ.

ದೂರು ಎಲ್ಲಿಗೆ?

ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿ ಡೀಮ್ಡ್ ಸಂಸ್ಥೆಗಳಿಗೂ ಅನ್ವಯ. ಮೊದಲು ಸಂಸ್ಥೆಯೊಳಗಿನ ಕುಂದುಕೊರತೆ ಸಮಿತಿಗೆ ಲಿಖಿತ ದೂರು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್‌ಗೆ (ದೂರು ವಿಚಾರಣಾಧಿಕಾರಿಗೆ) ಮೇಲ್ಮನವಿ. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರುತ್ತಾರೆ, 30 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಅವರನ್ನು ನೇಮಿಸುವುದು ಅದೇ ವಿಶ್ವವಿದ್ಯಾಲಯ ಎಂಬುದು ಈ ಏರ್ಪಾಟಿನ ದೊಡ್ಡ ದೌರ್ಬಲ್ಯ. ಆದರೂ ಈ ಮೆಟ್ಟಿಲು ಹತ್ತಿಯೇ ಮುಂದೆ ಹೋಗಿ, ಏಕೆಂದರೆ ಹೈಕೋರ್ಟಿನಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ. ಡೀಮ್ಡ್ ವಿ.ವಿ. ವಿರುದ್ಧ 226ನೇ ವಿಧಿಯ ರಿಟ್ ಅರ್ಜಿ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಎಸ್‌ಆರ್‌ಎಂ ಪ್ರಕರಣದಲ್ಲಿ ಹೇಳಿದೆ. ಗ್ರಾಹಕರ ವೇದಿಕೆಯನ್ನು ನೆಚ್ಚಿಕೊಳ್ಳಬೇಡಿ, ಶಿಕ್ಷಣ ಸರಕಲ್ಲ ಎಂಬ ತೀರ್ಪುಗಳು ಅಲ್ಲಿ ಅಡ್ಡ ಬರುತ್ತವೆ. ಪ್ರಾಂತಾಧಿಕಾರಿಗೆ, ಬಿಷಪ್ಪರಿಗೆ ಪತ್ರ ಬರೆಯುವುದರಿಂದ ಕಾನೂನಿನ ಪರಿಹಾರ ಸಿಗದು, ಆದರೆ ಫೀಸು ಕಂತಿನಂಥ ವಿಚಾರದಲ್ಲಿ ಕೆಲವೊಮ್ಮೆ ಅದೇ ಬೇಗ ಕೆಲಸ ಮಾಡುತ್ತದೆ.

ಸಂಸ್ಥೆ ಮಾಹಿತಿ ಕೊಡದಿದ್ದರೆ ಯುಜಿಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ತನ್ನ ಬಳಿಯಿರುವ ಪರಿಶೀಲನಾ ವರದಿ, ಅನುಮತಿ ಪತ್ರಗಳನ್ನು ಅದು ಕೊಡಬೇಕಾಗುತ್ತದೆ. ಒಂದು ವಾರದ ಗಡುವಿಗೆ ಮಾತ್ರ ಇದು ಒದಗುವುದಿಲ್ಲ.

ನಿಮ್ಮ ಮುಂದಿರುವ ಎರಡು ಸೀಟು

ಹುಬ್ಬಳ್ಳಿಯ ಕಾನೂನು ವಿ.ವಿ.ಗೆ ಸೇರಿದ ಕಾಲೇಜಿನಲ್ಲಿ ಪದವಿ ಕೊಡುವುದು 2009ರ ರಾಜ್ಯ ಕಾಯ್ದೆಯ ವಿ.ವಿ., ಪಾದ್ರಿಗಳಲ್ಲ. ಫೀಸು ಸಾಮಾನ್ಯವಾಗಿ ಕಡಿಮೆ, ಪ್ರಶ್ನೆಪತ್ರಿಕೆ ರಾಜ್ಯಕ್ಕೆಲ್ಲ ಒಂದೇ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಿ, ಮುಂದೆ ಕೆಳ ನ್ಯಾಯಾಲಯಗಳಲ್ಲಿ ಕೆಲಸ ಮಾಡುವವಳಿಗೆ ಅದು ಸಣ್ಣ ವಿಷಯವಲ್ಲ. ಅಪಾಯ ಹಳೆಯದೇ: ವೇಳಾಪಟ್ಟಿ ಜಾರುವುದು, ಮರುಮೌಲ್ಯಮಾಪನಕ್ಕೆ ಕಾಯುವುದು, ಒಂದು ಸೆಮಿಸ್ಟರ್ ತಡವಾದರೆ ನೋಂದಣಿಯೂ ತಡವಾಗುವುದು.

ಡೀಮ್ಡ್ ಸಂಸ್ಥೆಯಲ್ಲಿ ಕಲಿಸಿದವರೇ ಪರೀಕ್ಷಿಸುತ್ತಾರೆ, ಫಲಿತಾಂಶ ವೇಳೆಗೆ ಬರುತ್ತದೆ, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ), ಇಂಟರ್ನ್‌ಶಿಪ್ ಚಟುವಟಿಕೆ ಜೋರು. ಹಾಜರಾತಿ ಬಿಗಿ. ವಕೀಲರ ಪರಿಷತ್ತು ಕೇಳುವುದು ವಿಷಯವೊಂದಕ್ಕೆ ಶೇ 70, ಚರ್ಚಿನ ಸಂಸ್ಥೆಗಳು ಅದಕ್ಕಿಂತ ಹೆಚ್ಚು ಕೇಳುವುದುಂಟು, ಕೊರತೆಯಾದರೆ ಪರೀಕ್ಷೆಗೆ ಕೂರಲು ತೊಡಕಾಗಬಹುದು. ಫೀಸು ಪ್ರತಿ ವರ್ಷ ಏರಬಹುದು. ಮೊದಲ ವರ್ಷದ ಫೀಸು ನೋಡಿ ಐದರಿಂದ ಗುಣಿಸಿ ಸಾಲ ತೆಗೆದವರು ಮೂರನೇ ವರ್ಷ ಪರದಾಡುತ್ತಾರೆ. ಐದೂ ವರ್ಷದ ಫೀಸು, ಹಾಸ್ಟೆಲ್, ಪರೀಕ್ಷಾ ಶುಲ್ಕ, ಏರಿಕೆಯ ಮಿತಿ ಎಲ್ಲವನ್ನೂ ಇಮೇಲಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಮಗಳು ನ್ಯಾಯಾಂಗ ಸೇವೆಗೇ ಹೋಗುತ್ತೇನೆಂದು ಖಚಿತವಾಗಿ ಹೇಳಿದರೆ, ಫೀಸಿಗೆ ಸಾಲ ಮಾಡಬೇಕಾದ ಸ್ಥಿತಿಯಿದ್ದರೆ, ನನ್ನ ಒಲವು ಸಂಯೋಜಿತ ಕಾಲೇಜಿನ ಕಡೆಗೆ. ವಕೀಲಿಕೆಯ ಮೊದಲ ಮೂರು ವರ್ಷ ಕೈಗೆ ಸಿಗುವ ಹಣ ಬಲು ಕಡಿಮೆ, ಸಾಲದ ಕಂತು ಆಗಲೇ ಶುರುವಾಗಿರುತ್ತದೆ. ಕಾರ್ಪೊರೇಟ್ ಕಾನೂನಿನತ್ತ ಅವಳಿಗೆ ಆಸೆ ಇದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಈ ವಾರ ನಾಲ್ಕು ಕಾಗದ ನೋಡಿ: 3ನೇ ಕಲಮಿನ ಘೋಷಣೆ ಅಥವಾ ಸಂಯೋಜನೆಯ ಪತ್ರ, ವಕೀಲರ ಪರಿಷತ್ತಿನ ಈ ವರ್ಷದ ಅನುಮೋದನೆ, ಅಲ್ಪಸಂಖ್ಯಾತ ಪ್ರಮಾಣಪತ್ರ, ಐದು ವರ್ಷದ ಫೀಸು ಪಟ್ಟಿ. ಮೊದಲೆರಡರಲ್ಲಿ ಒಂದನ್ನು ತೋರಿಸಲು ಹಿಂದೆಮುಂದೆ ನೋಡಿದರೆ ಆ ಸೀಟು ಬಿಡಿ.

ಗಡುವು ಮುಗಿಯುವ ಮೊದಲು ಹಣ ಕಟ್ಟಿ ಆಮೇಲೆ ಮನಸ್ಸು ಬದಲಾದರೆ ಯುಜಿಸಿಯ 2018ರ ಮರುಪಾವತಿ ಅಧಿಸೂಚನೆ ನೆನಪಿರಲಿ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ಫೀಸು ವಾಪಸು, ಸಂಸ್ಕರಣಾ ಶುಲ್ಕವಾಗಿ ಶೇ 5ಕ್ಕೆ ಮೀರದಂತೆ, ಹೆಚ್ಚೆಂದರೆ ₹5,000 ಮಾತ್ರ ಕಳೆಯಬಹುದು. 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ಶೇ 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ 80, 16ರಿಂದ 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಆಯಾ ವರ್ಷಕ್ಕೆ ಇದಕ್ಕಿಂತ ಉದಾರವಾದ ಸುತ್ತೋಲೆ ಬಂದಿದೆಯೇ ಎಂದೂ ನೋಡಿ. ಇಲ್ಲಿ 'ಕೊನೆಯ ದಿನ' ಎಂದರೆ ನಿಮಗೆ ಕೊಟ್ಟ ಒಂದು ವಾರದ ಗಡುವಲ್ಲ, ಸಂಸ್ಥೆ ಪ್ರಕಟಿಸಿದ ಪ್ರವೇಶದ ಅಂತಿಮ ದಿನಾಂಕ. ಅದು ಯಾವುದೆಂದು ಇವತ್ತೇ ಬರೆಸಿಕೊಳ್ಳಿ. ಅಂಕಪಟ್ಟಿಯ ಮೂಲ ಪ್ರತಿಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲೇ ವಾಪಸು ಪಡೆದು ಬನ್ನಿ. ಅವನ್ನು ಇಟ್ಟುಕೊಳ್ಳುವ ಅಧಿಕಾರ ಸಂಸ್ಥೆಗಿಲ್ಲ.